ಹಡಗಿನ ಊಟ: ಬೇಕಾದ್ದನ್ನು ಮೊದಲೇ ಕೇಳಿ

ಬಂದರು ಬಿಟ್ಟ ಕ್ರೂಸ್ ಹಡಗಿನ ಅಡುಗೆಮನೆಗೆ ಅಂಗಡಿ ಇಲ್ಲ. ಅಕ್ಕಿ, ಹಾಲು, ತರಕಾರಿ, ಮಾಂಸ, ಮಗುವಿನ ಆಹಾರ ಎಲ್ಲವೂ ಹಡಗು ಹೊರಡುವ ದಿನವೇ ಬಂದರಿನಲ್ಲಿ ತುಂಬಿರಬೇಕು. ರಾಯಲ್ ಕೆರಿಬಿಯನ್ ಕಂಪನಿಯ 'ಐಕಾನ್ ಆಫ್ ದ ಸೀಸ್' 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟಿತು. ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಿಡಿದರೂ ಅದರಲ್ಲಿ 5,610 ಪ್ರಯಾಣಿಕರಿಗೆ ಜಾಗವಿದೆ. ಸಿಬ್ಬಂದಿ 2,350. ಸುಮಾರು ಎಂಟು ಸಾವಿರ ಜನರಿಗೆ ದಿನಕ್ಕೆ ಮೂರು ಹೊತ್ತು ಬಡಿಸುವ ಅಡುಗೆಮನೆ ಅಂದಾಜು ಮತ್ತು ಮುಂಗಡ ಸಿದ್ಧತೆಯ ಮೇಲೆಯೇ ನಿಂತಿರುತ್ತದೆ. ಪಂಕ್ತಿ ಕೂತ ಮೇಲೆ ಮದುವೆಮನೆಯ ಅಡುಗೆಭಟ್ಟರ ಬಳಿ ಹೋಗಿ ಹೊಸ ಪಲ್ಯ ಕೇಳಿದರೆ ಆಗುವುದೇ ಇಲ್ಲಿಯೂ ಆಗುತ್ತದೆ.

ಈ ಒಂದು ಸಂಗತಿ ಅರ್ಥವಾದರೆ ಹಡಗಿನ ಸೇವೆಯ ಅರ್ಧ ಗುಟ್ಟು ತಿಳಿದಂತೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ತಟ್ಟೆ ಎದುರು ಬಂದಾಗ ಹೇಳಿದರೆ, ಅದನ್ನು ವಾಪಸ್ ಒಯ್ದು ಸಲಾಡ್ ತಂದುಕೊಡುವುದಷ್ಟೇ ವೇಟರ್‌ನಿಂದ ಸಾಧ್ಯ. ಹಿಂದಿನ ರಾತ್ರಿ ಹೇಳಿದ್ದರೆ ಬೇರೆ ಪಾತ್ರೆಯಲ್ಲಿ ಬೇಯಿಸಿ ತರುತ್ತಾರೆ. ಬುಕಿಂಗ್ ಮಾಡುವಾಗಲೇ ಹೇಳಿದ್ದರೆ ಅದಕ್ಕೆ ಬೇಕಾದ ಸಾಮಾನೇ ಹಡಗು ಹತ್ತಿರುತ್ತದೆ. ಲಕ್ಷಾಂತರ ರೂಪಾಯಿ ಕೊಟ್ಟು ಹೊರಟ ಕುಟುಂಬ ವಾರವಿಡೀ ಬ್ರೆಡ್ಡು, ಹಣ್ಣು, ಆಲೂಗಡ್ಡೆ ತಿಂದುಕೊಂಡು ಬರುವುದು ಬೇಸರದ ವಿಷಯ. ಬಹುತೇಕ ಸಂದರ್ಭಗಳಲ್ಲಿ ಅದು ತಪ್ಪಿಸಬಹುದಾದ ಬೇಸರ.

ಹಡಗು ಆರಿಸುವಾಗಲೇ ಊಟ ಆರಿಸಿ

ಮೊದಲ ಸಲ ಹೋಗುವವರು, ಹಿರಿಯರನ್ನು ಕರೆದೊಯ್ಯುವವರು, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಭಾರತದಿಂದ ಹೊರಡುವ ಹಡಗಿನಿಂದ ಆರಂಭಿಸುವುದು ಒಳ್ಳೆಯದು. ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' 2021ರಲ್ಲಿ ಮುಂಬೈಯಿಂದ ಓಡಾಟ ಶುರುಮಾಡಿತು. 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಹೆಸರಿನಲ್ಲಿ ಯಾನ ಆರಂಭಿಸಿದ ಹಳೆಯ ಹಡಗು ಇದು. ಕ್ಯಾಬಿನ್ನುಗಳು ಚಿಕ್ಕವು, ಹೊಸ ಹಡಗುಗಳ ಥಳಕು ಇಲ್ಲ. ಆದರೆ ಪ್ರಯಾಣಿಕರು ಬಹುಪಾಲು ಭಾರತೀಯರೇ ಆದ್ದರಿಂದ ಸಸ್ಯಾಹಾರವಾಗಲಿ ಜೈನ ಆಹಾರವಾಗಲಿ ಅಲ್ಲಿ ವಿಶೇಷ ಬೇಡಿಕೆಯಲ್ಲ, ದಿನನಿತ್ಯದ ಅಡುಗೆ.

ಎರಡನೆಯ ಮೆಟ್ಟಿಲು ಸಿಂಗಪುರ. ಬೆಂಗಳೂರಿನಿಂದ ನೇರ ವಿಮಾನವಿದೆ, ಮೂರ್ನಾಲ್ಕು ರಾತ್ರಿಗಳ ಯಾನಗಳು ಸಿಗುತ್ತವೆ. 'ಜೆಂಟಿಂಗ್ ಡ್ರೀಮ್' ಹಡಗು, ರಾಯಲ್ ಕೆರಿಬಿಯನ್ನಿನ ಹಡಗುಗಳು ಅಲ್ಲಿಂದ ಹೊರಡುತ್ತವೆ. ಭಾರತೀಯ ಪ್ರಯಾಣಿಕರು ದೊಡ್ಡ ಸಂಖ್ಯೆಯಲ್ಲಿರುವುದರಿಂದ ಬಫೆಯಲ್ಲಿ ದಾಲ್, ಪಲ್ಯ, ಅನ್ನ ಕಾಣಸಿಗುತ್ತವೆ.

ಕೆರಿಬಿಯನ್, ಅಲಾಸ್ಕಾ, ಮೆಡಿಟರೇನಿಯನ್ ಯಾನಗಳಲ್ಲಿ ಪರಿಸ್ಥಿತಿ ಬೇರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು ಹೆಚ್ಚಾಗಿ ಹತ್ತುವುದು ಇಂಥ ಹಡಗುಗಳನ್ನೇ. ಅಲ್ಲಿಯೂ ಒಳ್ಳೆಯ ಸಸ್ಯಾಹಾರ ಸಿಗುತ್ತದೆ, ಆದರೆ ಕೇಳಿ ಪಡೆಯಬೇಕು. ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯ ಹಲವು ಹಡಗುಗಳಲ್ಲಿ 'ಸಿಂಧು' ಎಂಬ ಭಾರತೀಯ ಶೈಲಿಯ ರೆಸ್ಟೋರೆಂಟ್ ಇದೆ. ಅದಕ್ಕೆ ಪ್ರತ್ಯೇಕ ಹಣ ಕೊಡಬೇಕು.

ಬುಕಿಂಗ್ ಆದ ಕೂಡಲೇ ಕಂಪನಿಯ ವಿಶೇಷ ಆಹಾರದ ಅರ್ಜಿಯನ್ನು ತುಂಬಿ ಕಳಿಸಿ. ಯಾನಕ್ಕೆ ಒಂದೂವರೆ ತಿಂಗಳು ಮೊದಲೇ ತಲುಪಿದರೆ ನಿಶ್ಚಿಂತೆ. ಏಜೆಂಟರ ಮೂಲಕ ಕೊಂಡಿದ್ದರೆ "ಹೇಳಿದ್ದೇವೆ ಸರ್" ಎಂಬ ಮಾತು ಸಾಲದು. ಕಂಪನಿಯಿಂದ ಬಂದ ಲಿಖಿತ ಉತ್ತರ ಕೇಳಿ ಪಡೆದು, ಅದರ ಪ್ರತಿಯನ್ನು ಜೊತೆಗೆ ಇಟ್ಟುಕೊಳ್ಳಿ.

ಹಡಗಿನಲ್ಲಿ ಎಲ್ಲೆಲ್ಲಿ ಊಟ

ಮುಖ್ಯ ಭೋಜನಶಾಲೆ, ಬಫೆ, ಹಣ ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟ್‌ಗಳು, ಕ್ಯಾಬಿನ್ನಿಗೇ ತರಿಸಿಕೊಳ್ಳುವ ರೂಮ್ ಸರ್ವಿಸ್: ದೊಡ್ಡ ಹಡಗುಗಳಲ್ಲಿ ಈ ನಾಲ್ಕು ಬಗೆ ಇದ್ದೇ ಇರುತ್ತವೆ. ಮೊದಲ ಎರಡು ಟಿಕೆಟ್ಟಿನಲ್ಲೇ ಸೇರಿವೆ. ರೂಮ್ ಸರ್ವಿಸ್ ಕೆಲವೆಡೆ ಉಚಿತ, ಕೆಲವೆಡೆ ತಂದುಕೊಡಲು ಶುಲ್ಕವಿದೆ.

ಬಹಳಷ್ಟು ಭಾರತೀಯರು ಬಫೆಗೇ ಅಂಟಿಕೊಳ್ಳುತ್ತಾರೆ. ಕಣ್ಣಿಗೆ ಕಾಣುವುದನ್ನು ಆರಿಸಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ ಎಂಬ ಧೈರ್ಯ ಅದಕ್ಕೆ ಕಾರಣ. ಆದರೆ ವಿಶೇಷ ಆಹಾರ ಬೇಕಾದವರಿಗೆ ಮುಖ್ಯ ಭೋಜನಶಾಲೆಯೇ ಸರಿಯಾದ ಜಾಗ. ಬಫೆಯಲ್ಲಿ ಒಬ್ಬರ ಸೌಟು ಇನ್ನೊಂದು ಪಾತ್ರೆಗೆ ಹೋಗುತ್ತದೆ, ಪದಾರ್ಥದ ಒಳಗೆ ಏನಿದೆ ಎಂದು ಹೇಳುವವರು ಪಕ್ಕದಲ್ಲಿರುವುದಿಲ್ಲ. ಭೋಜನಶಾಲೆಯಲ್ಲಿ ನಿಮ್ಮ ಮೇಜಿಗೆ ಗೊತ್ತುಪಡಿಸಿದ ವೇಟರ್ ಇರುತ್ತಾರೆ, ಅವರ ಮೇಲೆ ಹೆಡ್ ವೇಟರ್, ಅವರ ಹಿಂದೆ ನಿಮ್ಮ ಹೆಸರಿನಲ್ಲೇ ಅಡುಗೆ ಮಾಡಬಲ್ಲ ಬಾಣಸಿಗ.

ಅಲ್ಲಿ ಊಟದ ಸಮಯಕ್ಕೂ ಆಯ್ಕೆ ಇದೆ. ಹಳೆಯ ಪದ್ಧತಿಯಲ್ಲಿ ಎರಡು ಪಂಕ್ತಿ: ಮೊದಲನೆಯದು ಸಂಜೆ ಐದೂವರೆ, ಆರರ ಸುಮಾರಿಗೆ, ಎರಡನೆಯದು ಎಂಟು, ಎಂಟೂವರೆಗೆ. ಇದರಲ್ಲಿ ಮೇಜು ಒಂದೇ, ಬಡಿಸುವವರೂ ಅವರೇ. ಇಷ್ಟ ಬಂದ ಹೊತ್ತಿಗೆ ಹೋಗುವ ಇನ್ನೊಂದು ಪದ್ಧತಿಯಲ್ಲಿ ದಿನಕ್ಕೊಂದು ಮೇಜು, ದಿನಕ್ಕೊಬ್ಬ ವೇಟರ್ ಬರಬಹುದು. 2000ದಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ 'ಫ್ರೀಸ್ಟೈಲ್' ಎಂದು ಹೆಸರಿಟ್ಟು ಇದನ್ನು ಜನಪ್ರಿಯಗೊಳಿಸಿತು. ಈಗ ಬಹುತೇಕ ಕಂಪನಿಗಳಲ್ಲಿ ಇದೆ. ಡಿಸ್ನಿ ಹಡಗುಗಳದು ಮೂರನೆಯ ದಾರಿ. ಅಲ್ಲಿ ಕುಟುಂಬ ದಿನಕ್ಕೊಂದು ರೆಸ್ಟೋರೆಂಟಿಗೆ ಹೋಗುತ್ತದೆ, ಬಡಿಸುವವರೂ ಅವರ ಜೊತೆಗೇ ಬರುತ್ತಾರೆ.

ಆಹಾರದ ನಿಯಮ ಇರುವವರಿಗೆ ನನ್ನ ಸಲಹೆ ನಿಗದಿತ ಪಂಕ್ತಿ. ಎರಡನೆಯ ರಾತ್ರಿಯ ಹೊತ್ತಿಗೆ ನಿಮಗೆ ಮೊಟ್ಟೆ ಆಗದು, ನಿಮ್ಮ ತಾಯಿಗೆ ಖಾರ ಕಮ್ಮಿ ಬೇಕು, ಮಗುವಿಗೆ ಮೊದಲು ಅನ್ನ ಬರಬೇಕು ಎಂಬುದೆಲ್ಲ ಬಡಿಸುವವರಿಗೆ ತಿಳಿದಿರುತ್ತದೆ. ದಿನವೂ ಹೊಸಬರಿಗೆ ಅದನ್ನೇ ಒಪ್ಪಿಸುವ ಶ್ರಮ ಇರುವುದಿಲ್ಲ. ಒಂಬತ್ತು ಗಂಟೆಗೆ ಉಂಡು ರೂಢಿಯಿರುವ ನಮ್ಮವರಿಗೆ ಎರಡನೆಯ ಪಂಕ್ತಿ ಒಗ್ಗುತ್ತದೆ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವ ಹಿರಿಯರು, ಚಿಕ್ಕ ಮಕ್ಕಳು ಇದ್ದರೆ ಮೊದಲನೆಯದೇ ಇರಲಿ. ಅಪರಿಚಿತರ ಜೊತೆ ಕೂರಲು ಇಷ್ಟವಿಲ್ಲದಿದ್ದರೆ ಕುಟುಂಬಕ್ಕೆ ಪ್ರತ್ಯೇಕ ಮೇಜು ಬೇಕೆಂದು ಬುಕಿಂಗ್‌ನಲ್ಲೇ ಬರೆಸಿ.

ವಿಶೇಷ ರೆಸ್ಟೋರೆಂಟಿಗೆ ಹಣ ಕಟ್ಟುವ ಮೊದಲು ಮೆನು ಓದಿ. ಸ್ಟೇಕ್‌ಹೌಸ್‌ನಲ್ಲಿ ಸಸ್ಯಾಹಾರಿಗೆ ದಕ್ಕುವುದು ಬೇಯಿಸಿದ ತರಕಾರಿ, ಸೂಪು ಅಷ್ಟೇ. ಇಟಾಲಿಯನ್ ಅಡುಗೆಯ ಜಾಗದಲ್ಲಿ ಅದೇ ಹಣಕ್ಕೆ ಹೊಟ್ಟೆ ತುಂಬುತ್ತದೆ. ಎಲ್ಲ ಹಡಗುಗಳಲ್ಲೂ ಊಟದ ಜಾಗ ಎಲ್ಲರಿಗೂ ತೆರೆದಿರುವುದಿಲ್ಲ ಎಂಬುದೂ ತಿಳಿದಿರಲಿ. 2004ರಿಂದ ಓಡುತ್ತಿರುವ ಕುನಾರ್ಡ್ ಕಂಪನಿಯ 'ಕ್ವೀನ್ ಮೇರಿ 2'ರಲ್ಲಿ ನೀವು ಕೊಂಡ ಕ್ಯಾಬಿನ್ನಿನ ದರ್ಜೆಯೇ ನಿಮ್ಮ ಭೋಜನಶಾಲೆಯನ್ನೂ ನಿರ್ಧರಿಸುತ್ತದೆ.

ಹಡಗು ಹತ್ತಿದ ದಿನ ಮಧ್ಯಾಹ್ನ ಎಲ್ಲರೂ ಸೂಟ್‌ಕೇಸ್ ಸಮೇತ ಬಫೆಗೆ ನುಗ್ಗುತ್ತಾರೆ. ಅದೇ ಹೊತ್ತಿನಲ್ಲಿ ಮುಖ್ಯ ಭೋಜನಶಾಲೆಯೂ ಹಲವು ಹಡಗುಗಳಲ್ಲಿ ತೆರೆದಿರುತ್ತದೆ. ಅಲ್ಲಿ ನೆಮ್ಮದಿಯಾಗಿ ಊಟ ಮಾಡಬಹುದು, ಹೆಡ್ ವೇಟರನ್ನೂ ಆಗಲೇ ಮಾತಾಡಿಸಬಹುದು.

ಸಸ್ಯಾಹಾರಿಗಳು ಬಿಡಿಸಿ ಹೇಳಬೇಕಾದದ್ದು

ಪಾಶ್ಚಾತ್ಯ ಅಡುಗೆಮನೆಯ ಸಸ್ಯಾಹಾರದಲ್ಲಿ ಮೊಟ್ಟೆ ಇರುತ್ತದೆ. 'ವೀಗನ್' ಎಂದರೆ ಹಾಲು, ಮೊಸರು, ತುಪ್ಪವೂ ಹೋಗುತ್ತವೆ. ನಮ್ಮ ಮನೆಗಳ ಪದ್ಧತಿ ಇವೆರಡರ ನಡುವೆ ಇದೆ. ಆದ್ದರಿಂದ ಬರೀ "ವೆಜ್" ಎನ್ನದೆ ಪಟ್ಟಿಯನ್ನೇ ಹೇಳಿ: ಮಾಂಸ, ಮೀನು, ಮೊಟ್ಟೆ, ಮಾಂಸ ಬೇಯಿಸಿದ ರಸ (ಸ್ಟಾಕ್), ಜೆಲಟಿನ್ ಬೇಡ; ಹಾಲು, ಮೊಸರು, ಬೆಣ್ಣೆ ಆಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಚೀಟಿಯ ಮೇಲೆ ಬರೆದಿಟ್ಟುಕೊಂಡರೆ ಉಚ್ಚಾರದ ಗೊಂದಲವಿಲ್ಲ. ವೇಟರ್ ಆ ಚೀಟಿಯನ್ನೇ ಅಡುಗೆಮನೆಗೆ ಒಯ್ಯಬಹುದು.

ಕಣ್ಣಿಗೆ ತರಕಾರಿಯಂತೆ ಕಂಡರೂ ಒಳಗೆ ಬೇರೇನೋ ಇರುವ ಪದಾರ್ಥಗಳು ಬಹಳ:

- ತರಕಾರಿ ಸೂಪು, ಈರುಳ್ಳಿ ಸೂಪು, ರಿಸೊಟ್ಟೊ: ಕೋಳಿ ಅಥವಾ ದನದ ಮಾಂಸದ ಸ್ಟಾಕ್‌ನಲ್ಲಿ ಬೇಯಿಸಿರಬಹುದು.
- ಸೀಸರ್ ಸಲಾಡ್: ಡ್ರೆಸ್ಸಿಂಗ್‌ನಲ್ಲಿ ಆಂಚೋವಿ ಎಂಬ ಸಣ್ಣ ಮೀನು, ಮೊಟ್ಟೆಯ ಹಳದಿ ಲೋಳೆ ಇರುತ್ತವೆ.
- ಥಾಯ್ ಕರ್ರಿ, ಪ್ಯಾಡ್ ಥಾಯ್: ಮೀನಿನ ಸಾಸ್. ಚೀನೀ ಶೈಲಿಯ ತರಕಾರಿ: ಆಯ್‌ಸ್ಟರ್ ಸಾಸ್. ಜಪಾನಿನ ಮೀಸೊ ಸೂಪು: ಒಣಮೀನಿನ ಸಾರ.
- ಮೂಸ್, ಪನ್ನಾಕೋಟಾ, ಜೆಲ್ಲಿ, ಮಾರ್ಷ್‌ಮ್ಯಾಲೊ: ಪ್ರಾಣಿಜನ್ಯ ಜೆಲಟಿನ್.
- ಮೆಕ್ಸಿಕನ್ ಬೀನ್ಸ್ ಪದಾರ್ಥ: ಕೆಲವೊಮ್ಮೆ ಹಂದಿಯ ಕೊಬ್ಬು.
- ಪಾರ್ಮೆಜಾನ್ ಚೀಸ್: ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಮಾಡಿದ್ದು.
- ಫ್ರೆಂಚ್ ಫ್ರೈಸ್: ಮೀನು, ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು.

ಇಷ್ಟೆಲ್ಲ ಕೇಳಿದರೆ ವೇಟರ್ ಸಿಟ್ಟಾಗುತ್ತಾರೇನೋ ಎಂಬ ಸಂಕೋಚ ಬೇಡ. ಅಲರ್ಜಿಯವರು, ಯಹೂದಿ ಕೋಷರ್ ನಿಯಮದವರು, ಹಲಾಲ್ ಬೇಕೆನ್ನುವವರು, ಗೋಧಿ ಆಗದವರು ದಿನವೂ ಇಂಥದ್ದನ್ನೇ ಕೇಳುತ್ತಿರುತ್ತಾರೆ. ಉತ್ತರ ಕೊಡುವುದು ಅವರ ಕೆಲಸದ ಭಾಗ.

ಈಗ ಮುಖ್ಯವಾದ ಕ್ರಮ. ಮೊದಲ ಸಂಜೆಯೇ ಹೆಡ್ ವೇಟರನ್ನು ಮೇಜಿಗೆ ಕರೆಸಿ, ನಿಮ್ಮ ಪಟ್ಟಿ ಕೊಡಿ. ಮರುದಿನದ ಮೆನುವನ್ನು ಇಂದೇ ತೋರಿಸಲು ಹೇಳಿ. ಅದರಲ್ಲಿ ನಿಮಗೆ ಆಗುವಂಥದ್ದನ್ನು, ಅಥವಾ ಸ್ವಲ್ಪ ಬದಲಿಸಿದರೆ ಆಗುವಂಥದ್ದನ್ನು ಗುರುತು ಮಾಡಿಕೊಡಿ. ಅಡುಗೆಮನೆಯಲ್ಲಿ ಭಾರತೀಯ ಬಾಣಸಿಗರಿದ್ದಾರೆಯೇ, ದಾಲ್, ಪಲ್ಯ, ಅನ್ನ ಮಾಡಿಕೊಡಲು ಸಾಧ್ಯವೇ ಎಂದು ಕೇಳಿ. ದೊಡ್ಡ ಕಂಪನಿಗಳ ಹಡಗುಗಳಲ್ಲಿ ಭಾರತೀಯ ಸಿಬ್ಬಂದಿ ಧಾರಾಳವಾಗಿದ್ದಾರೆ. ಗೋವಾ, ಮುಂಬೈ, ಕೇರಳದವರ ಜೊತೆಗೆ ಮಂಗಳೂರು, ಉಡುಪಿ ಕಡೆಯವರೂ ಸಿಗುತ್ತಾರೆ. ಒಂದು ದಿನ ಮೊದಲು ಹೇಳಿದರೆ, ಮೆನುವಿನಲ್ಲಿ ಇಲ್ಲದ ಬೇಳೆಸಾರು ನಿಮ್ಮ ಮೇಜಿಗೆ ಬರುವುದು ಅಪರೂಪವೇನಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ಅಡುಗೆ, ಏಕಾದಶಿಗೆ ಹಣ್ಣು ಹಾಲಿನ ಫಲಾಹಾರ ಕೂಡ ಇದೇ ದಾರಿಯಲ್ಲಿ ದೊರೆಯುತ್ತವೆ.

ಬಾಣಸಿಗರ ಕೈಯಲ್ಲಿ ಆಗದ್ದೂ ಇದೆ. ಸಾವಿರಾರು ಜನರಿಗೆ ಬೇಯುವ ಜಾಗದಲ್ಲಿ ಸಂಪೂರ್ಣ ಪ್ರತ್ಯೇಕ ಒಲೆ, ಪ್ರತ್ಯೇಕ ಎಣ್ಣೆ ಸಿಗುವ ಭರವಸೆಯನ್ನು ಅವರು ಕೊಡಲಾರರು. ತೀವ್ರ ಅಲರ್ಜಿ ಇರುವವರು ಇದನ್ನು ನೆನಪಿಟ್ಟು, ತಮ್ಮ ಔಷಧವನ್ನು ಸದಾ ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಮನೆಯಿಂದ ಏನು ಒಯ್ಯಬಹುದು

ಕಂಪನಿಯಿಂದ ಸೀಲ್ ಆಗಿ ಬಂದ, ಕೆಡದ ತಿಂಡಿಗಳನ್ನು ಬಹುತೇಕ ಹಡಗುಗಳು ಒಪ್ಪುತ್ತವೆ. ಪ್ಯಾಕ್ ಮಾಡಿದ ಚಟ್ನಿಪುಡಿ, ಬಿಸ್ಕತ್ತು, ಖಾರದ ಅವಲಕ್ಕಿ ಈ ಸಾಲಿಗೆ ಸೇರುತ್ತವೆ. ಮನೆಯಲ್ಲಿ ಮಾಡಿದ ಚಪಾತಿ, ಪುಳಿಯೋಗರೆಯನ್ನು ಬಾಗಿಲಲ್ಲೇ ತಡೆಯಬಹುದು. ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ ನಿಷಿದ್ಧ. ಸಮುದ್ರದ ಮಧ್ಯೆ ಹಡಗಿಗೆ ಬೆಂಕಿಗಿಂತ ದೊಡ್ಡ ಅಪಾಯವಿಲ್ಲ, ಹಾಗಾಗಿ ಈ ನಿಯಮಕ್ಕೆ ವಿನಾಯಿತಿ ಕೇಳಬೇಡಿ. ಬಫೆಯ ಬಿಸಿನೀರು ಎಷ್ಟು ಹೊತ್ತಿಗೂ ಸಿಗುವುದರಿಂದ ನೀರು ಬೆರೆಸಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳು ಕೈಹಿಡಿಯುತ್ತವೆ. ಚಹಾ ಪ್ರಿಯರು ಬಿಸಿ ಹಾಲನ್ನು ಬೇರೆಯಾಗಿ ಕೇಳಿ. ಇಲ್ಲದಿದ್ದರೆ ತಣ್ಣಗಿನ ಹಾಲು ಬರುತ್ತದೆ.

ಹಡಗಿನಿಂದ ಇಳಿಯುವಾಗ ಮಾತ್ರ ಹಣ್ಣು, ಊಟದ ಪೊಟ್ಟಣ ಯಾವುದನ್ನೂ ಕೈಚೀಲದಲ್ಲಿ ಒಯ್ಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ಬಂದರುಗಳಲ್ಲಿ ಒಂದು ಸೇಬಿಗೂ ದಂಡ ಬೀಳಬಹುದು.

ಉಡುಪಿನ ಬಗ್ಗೆ ಒಂದು ಮಾತು. ಕೆಲವು ರಾತ್ರಿಗಳು 'ಫಾರ್ಮಲ್' ಎಂದು ಗೊತ್ತಾಗಿರುತ್ತವೆ. ಅದಕ್ಕಾಗಿ ಸೂಟು ಹೊಲಿಸಬೇಕಿಲ್ಲ. ರೇಷ್ಮೆ ಸೀರೆ, ಬಂದ್‌ಗಲಾ ಚೆನ್ನಾಗಿ ಸಲ್ಲುತ್ತವೆ. ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಹೋದರೆ ಭೋಜನಶಾಲೆಯ ಬಾಗಿಲಲ್ಲಿ ನಿಲ್ಲಿಸುತ್ತಾರೆ.

ಟಿಪ್ಸ್ ಮತ್ತು ಬಿಲ್

ಭಾರತೀಯ ಪ್ರಯಾಣಿಕರನ್ನು ಹೆಚ್ಚು ಬೆಚ್ಚಿಬೀಳಿಸುವುದು ಕೊನೆಯ ದಿನದ ಬಿಲ್. ಅಮೆರಿಕದ ದೊಡ್ಡ ಕಂಪನಿಗಳು ಸಾಮಾನ್ಯ ಕ್ಯಾಬಿನ್ನಿನ ಪ್ರತಿ ಪ್ರಯಾಣಿಕರಿಗೂ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಸೇವಾಶುಲ್ಕ ಸೇರಿಸುತ್ತವೆ. ಮಕ್ಕಳಿಗೂ ಅದೇ ದರ ಬೀಳುವ ಕಂಪನಿಗಳಿವೆ. ದಿನಕ್ಕೆ 18 ಡಾಲರ್ ಎಂದು ಹಿಡಿದರೆ ನಾಲ್ವರ ಕುಟುಂಬಕ್ಕೆ ಏಳು ರಾತ್ರಿಗೆ 504 ಡಾಲರ್. ಇದನ್ನು ಟಿಕೆಟ್ಟಿನ ಬೆಲೆಯ ಭಾಗವೆಂದೇ ಎಣಿಸಿ ಬಜೆಟ್ ಹಾಕಿ. ಪಿ ಅಂಡ್ ಓ ಕಂಪನಿ 2019ರಲ್ಲಿ ಈ ಸ್ವಯಂಚಾಲಿತ ಶುಲ್ಕವನ್ನು ತೆಗೆದುಹಾಕಿತು. ಸಿಲ್ವರ್‌ಸೀ, ರೀಜೆಂಟ್‌ನಂಥ ದುಬಾರಿ ಹಡಗುಗಳಲ್ಲಿ ಟಿಕೆಟ್ಟಿನೊಳಗೇ ಸೇರಿರುತ್ತದೆ.

ಈ ಹಣ ನಿಮಗೆ ಕಾಣುವ ವೇಟರ್, ಕ್ಯಾಬಿನ್ ಸ್ಟುವರ್ಡ್ ಜೊತೆಗೆ ಕಣ್ಣಿಗೆ ಬೀಳದ ಅನೇಕರಿಗೂ ಹಂಚಿಕೆಯಾಗುತ್ತದೆ. ಕೆಲವು ಕಂಪನಿಗಳಲ್ಲಿ ಕೌಂಟರಿಗೆ ಹೋಗಿ ಅದನ್ನು ತೆಗೆಸಲು ಅವಕಾಶವಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಬ್ಬರ ಸೇವೆ ಸರಿಯಿಲ್ಲ ಎಂದು ಕಡಿತ ಮಾಡಿದರೆ ಪೆಟ್ಟು ಬೀಳುವುದು ಏನೂ ತಪ್ಪು ಮಾಡದವರಿಗೆ.

ಪಾನೀಯಗಳ ಬೆಲೆಯ ಮೇಲೆ ಬೇರೆಯಾಗಿ ಶೇಕಡ 18ರಿಂದ 20ರಷ್ಟು ಸೇವಾಶುಲ್ಕ ಬೀಳುತ್ತದೆ. ಸಹಿ ಹಾಕುವ ಚೀಟಿಯಲ್ಲಿ ಮತ್ತೆ ಟಿಪ್ಸ್ ಎಂದು ಖಾಲಿ ಜಾಗ ಇರುತ್ತದೆ, ಅದನ್ನು ತುಂಬಲೇಬೇಕೆಂದಿಲ್ಲ. ಮದ್ಯದ ಪ್ಯಾಕೇಜನ್ನು ಒಬ್ಬರು ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದೆ. ಗಂಡ ಕುಡಿದು ಹೆಂಡತಿ ಕುಡಿಯದ ಮನೆಗೆ ಅದು ನಷ್ಟದ ವ್ಯಾಪಾರ. ನಲ್ಲಿಯ ನೀರು ಸಮುದ್ರದ ನೀರನ್ನು ಶುದ್ಧಗೊಳಿಸಿ ಪರೀಕ್ಷಿಸಿದ್ದು, ಕುಡಿಯಲು ಸುರಕ್ಷಿತ. ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕ್ಯಾಬಿನ್ನಿನ ಕಾರ್ಡಿಗೇ ಖರ್ಚೆಲ್ಲ ಸೇರಿ ಕೊನೆಗೆ ನಿಮ್ಮ ಬ್ಯಾಂಕ್ ಕಾರ್ಡಿನಿಂದ ಕಡಿತವಾಗುತ್ತದೆ. ಡೆಬಿಟ್ ಕಾರ್ಡ್ ಕೊಟ್ಟರೆ ಮುಂಗಡವಾಗಿ ತಡೆಹಿಡಿದ ಹಣ ಖಾತೆಯಲ್ಲಿ ದಿನಗಟ್ಟಲೆ ಸಿಕ್ಕಿಕೊಳ್ಳಬಹುದು. ಕ್ರೆಡಿಟ್ ಕಾರ್ಡ್ ವಾಸಿ. ಮೊಬೈಲ್ ಆ್ಯಪ್‌ನಲ್ಲಿ ಅಥವಾ ಕ್ಯಾಬಿನ್ನಿನ ಟಿವಿಯಲ್ಲಿ ದಿನವೂ ಲೆಕ್ಕ ನೋಡಿ.

ತೊಂದರೆಯಾದರೆ ಯಾರಿಗೆ ಹೇಳಬೇಕು

ಹಡಗಿನ ಸೇವೆಗೆ ಸ್ಪಷ್ಟವಾದ ಮೆಟ್ಟಿಲುಗಳಿವೆ. ಕೋಣೆಯ ವಿಷಯ ಕ್ಯಾಬಿನ್ ಸ್ಟುವರ್ಡ್‌ಗೆ. ಊಟದ ವಿಷಯ ವೇಟರ್‌ಗೆ, ಅವರಿಂದ ಬಗೆಹರಿಯದಿದ್ದರೆ ಹೆಡ್ ವೇಟರ್‌ಗೆ, ಆಮೇಲೆ ಭೋಜನಶಾಲೆಯ ಮುಖ್ಯಸ್ಥರಾದ ಮೇತ್ರ್ ಡಿ'ಗೆ. ಬಿಲ್ಲಿನ ವಿಷಯ ಗೆಸ್ಟ್ ಸರ್ವಿಸಸ್ ಕೌಂಟರ್‌ಗೆ. ಇವೆಲ್ಲದರ ಮೇಲೆ ಹೋಟೆಲ್ ಡೈರೆಕ್ಟರ್ ಇರುತ್ತಾರೆ.

ದೂರು ಫಲಿಸುವುದು ಅದೇ ದಿನ ಹೇಳಿದಾಗ. ನಮ್ಮಲ್ಲಿ ಅನೇಕರು ವಾರವಿಡೀ ಸಹಿಸಿಕೊಂಡು, ಊರಿಗೆ ಬಂದ ಮೇಲೆ ಏಜೆಂಟರ ಮೇಲೆ ಹರಿಹಾಯುತ್ತಾರೆ. ಆಗ ಸರಿಪಡಿಸಲು ಊಟವೂ ಉಳಿದಿಲ್ಲ, ಸಾಕ್ಷಿಯೂ ಉಳಿದಿಲ್ಲ. ದಿನಾಂಕ, ಹೊತ್ತು, ಮೇಜಿನ ಸಂಖ್ಯೆ, ಮಾತಾಡಿಸಿದವರ ಹೆಸರು ಬರೆದುಕೊಳ್ಳಿ. "ಊಟ ಚೆನ್ನಾಗಿಲ್ಲ" ಎಂದರೆ ಕ್ಷಮೆ ಮಾತ್ರ ಸಿಗುತ್ತದೆ. "ಸೂಪಿನಲ್ಲಿ ಮಾಂಸದ ಸ್ಟಾಕ್ ಇದೆ ಎಂದು ತಿಂದ ಮೇಲೆ ಗೊತ್ತಾಯಿತು, ನಾಳೆಯಿಂದ ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದರೆ ಒಬ್ಬರಿಗೆ ಜವಾಬ್ದಾರಿ ಬೀಳುತ್ತದೆ. ಕೊನೆಯ ರಾತ್ರಿ ಕೌಂಟರಿನ ಮುಂದೆ ದೊಡ್ಡ ಸಾಲು ಇರುತ್ತದೆ, ಬಿಲ್ಲಿನ ತಕರಾರನ್ನು ಹಿಂದಿನ ದಿನವೇ ಮುಗಿಸಿ.

ಕೈ ತೊಳೆಯುವುದೇ ರಕ್ಷೆ

ಹಡಗಿನಲ್ಲಿ ಬೇಗ ಹರಡುವ ವಾಂತಿಭೇದಿಗೆ ಹೆಚ್ಚಾಗಿ ನೋರೋವೈರಸ್ ಕಾರಣ. ಬಫೆಯ ಬಾಗಿಲಲ್ಲಿ ಇಟ್ಟಿರುವ ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಅಷ್ಟಾಗಿ ಪರಿಣಾಮ ಮಾಡುವುದಿಲ್ಲ. ಸೋಪು, ನೀರಿನಲ್ಲಿ 20 ಸೆಕೆಂಡು ಕೈ ತೊಳೆಯಬೇಕು. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮುನ್ಸೂಚನೆ ಕೊಡದೆ ಪರೀಕ್ಷಿಸಿ 100ಕ್ಕೆ ಅಂಕ ಕೊಡುತ್ತದೆ. 86ಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಈ ಅಂಕಗಳು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ, ಬುಕಿಂಗ್‌ಗೆ ಮೊದಲು ನೋಡಬಹುದು. ಹೊಟ್ಟೆ ಕೆಟ್ಟರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ತಿಳಿಸಿ. ಅವರ ಶುಲ್ಕ ದುಬಾರಿ, ಹಾಗಾಗಿ ಹಡಗಿನ ಚಿಕಿತ್ಸೆಯೂ ಸೇರಿರುವ ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ.

ಬಡಿಸುವವರ ಕಡೆಗೂ ನೋಡಿ

ನಿಮ್ಮ ವೇಟರ್ ಮನೆ ಬಿಟ್ಟು ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ ಬಂದಿರುತ್ತಾರೆ. ವಾರದ ರಜೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಅವರಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕೆನ್ನುತ್ತದೆ. ಅಷ್ಟೇ ಸಿಕ್ಕರೆ ಉಳಿದ ಸಮಯ ಎಷ್ಟು ದೀರ್ಘ ಎಂದು ಲೆಕ್ಕ ಹಾಕಿ ನೋಡಿ. ಬೆಳಗಿನ ತಿಂಡಿಗೆ ಬಡಿಸಿದವರೇ ಎರಡನೆಯ ಪಂಕ್ತಿಯ ಕೊನೆಯ ತಟ್ಟೆ ಎತ್ತುತ್ತಾರೆ.

ಅವರನ್ನು ಚಿಟಿಕೆ ಹೊಡೆದು ಕರೆಯುವುದು, ಮುಚ್ಚುವ ಹೊತ್ತಿಗೆ ಬಂದು ಐದು ಬಗೆ ತರಿಸಿ ಅರ್ಧ ಬಿಟ್ಟೇಳುವುದು ನಮ್ಮವರ ಮೇಲೆ ಕೇಳಿಬರುವ ಆಕ್ಷೇಪಗಳು. ಹೆಸರು ಓದಿ ಕರೆಯಿರಿ, ಹಡಗಿನಲ್ಲಿ ಪ್ರತಿಯೊಬ್ಬರ ಎದೆಯ ಮೇಲೂ ಹೆಸರು, ದೇಶ ಬರೆದಿರುತ್ತದೆ. ತಟ್ಟೆಗೆ ಬೇಕಾದಷ್ಟೇ ಹಾಕಿಸಿಕೊಳ್ಳಿ, ಇನ್ನೊಮ್ಮೆ ಕೇಳಿದರೆ ಹಣ ಬೀಳುವುದಿಲ್ಲ.

ಯಾನ ಮುಗಿದ ಮೇಲೆ ಕಂಪನಿ ಅಭಿಪ್ರಾಯ ಕೇಳುವ ನಮೂನೆ ಕಳಿಸುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ಪ್ರಯಾಣಿಕರು ಹೆಸರು ಹಿಡಿದು ಬರೆದ ಒಳ್ಳೆಯ ಮಾತು ಸಿಬ್ಬಂದಿಯ ಬಡ್ತಿಗೆ, ಮುಂದಿನ ಕರಾರಿಗೆ ನೆರವಾಗುತ್ತದೆ. ಹಾಗೆಯೇ ಸಸ್ಯಾಹಾರದ ಆಯ್ಕೆ ಎಲ್ಲಿ ಸಾಲದಾಯಿತು ಎಂದು ಬರೆದರೆ ಮುಂದೆ ಅದೇ ಹಡಗು ಹತ್ತುವ ಇನ್ನೊಂದು ಕುಟುಂಬಕ್ಕಾಗಿ ಸಾಮಾನು ತರಿಸುವಾಗ ಅದು ಲೆಕ್ಕಕ್ಕೆ ಬರಬಹುದು. ಹತ್ತು ನಿಮಿಷ ಕೂತು ಎರಡನ್ನೂ ಬರೆಯಿರಿ: ಚೆನ್ನಾಗಿ ನೋಡಿಕೊಂಡವರ ಹೆಸರು, ಸಿಗದೆ ಹೋದ ಊಟ.